ಗರ್ಭಕೋಶ ತೆಗೆಯುವ ಮೊದಲು ಒಳಗೊಮ್ಮೆ ನೋಡಿ

(ಮಹಿಳೆಯರು, ಅವರ ಮನೆಯವರು ಮತ್ತು ಆಶಾ ಕಾರ್ಯಕರ್ತೆಯರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಮುಟ್ಟಿನಲ್ಲಿ ತುಂಬಾ ಹೋಗುತ್ತದೆ ಎಂದು ಬರುವ ಹೆಂಗಸರ ಕೈಯಲ್ಲಿ ಸಾಮಾನ್ಯವಾಗಿ ಒಂದು ಸ್ಕ್ಯಾನಿಂಗ್ ರಿಪೋರ್ಟ್ ಇರುತ್ತದೆ. ಅದರಲ್ಲಿ ‘ಬಲ್ಕಿ ಯೂಟೆರಸ್’ (ಗರ್ಭಕೋಶ ದಪ್ಪಗಾಗಿದೆ) ಎಂದೋ, ‘ಫೈಬ್ರಾಯ್ಡ್’ (ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಗಡ್ಡೆ) ಎಂದೋ ಬರೆದಿರುತ್ತದೆ. ಮನೆಯವರಿಗೆ ಅರ್ಥವಾಗುವುದು ಒಂದೇ: ಗಡ್ಡೆ ಇದೆ. ಅದರ ಹಿಂದೆಯೇ ಸಲಹೆ ಸಿದ್ಧವಾಗಿರುತ್ತದೆ: ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ.

ಗಡ್ಡೆ ಇದೆಯೋ ಇಲ್ಲವೋ ಎಂಬುದಕ್ಕಿಂತ ಅದು ಎಲ್ಲಿದೆ ಎಂಬುದು ಮುಖ್ಯ. ಗರ್ಭಕೋಶದ ಹೊರಮೈಯಲ್ಲಿ ಬೆಳೆದ 5 ಸೆಂಟಿಮೀಟರ್ ಫೈಬ್ರಾಯ್ಡ್ ಒಂದು ಹನಿ ಹೆಚ್ಚು ರಕ್ತ ಹರಿಸದೆ ತೆಪ್ಪಗೆ ಇದ್ದುಬಿಡಬಹುದು. ಒಳಗಿನ ಕುಹರದಲ್ಲಿ ನೇತಾಡುವ 1 ಸೆಂಟಿಮೀಟರ್ ಪಾಲಿಪ್ (ಒಳಪದರದಿಂದ ಬೆಳೆದ ಮೆತ್ತನೆಯ ಗಂಟು) ತಿಂಗಳು ತಿಂಗಳೂ ಪ್ಯಾಡ್ ಮೇಲೆ ಪ್ಯಾಡ್ ತೋಯಿಸಿ ಹಿಮೋಗ್ಲೋಬಿನ್ ಅನ್ನು 7ಕ್ಕೆ ಇಳಿಸಬಹುದು. ಮೊದಲನೆಯದಕ್ಕೆ ಏನೂ ಮಾಡಬೇಕಿಲ್ಲ. ಎರಡನೆಯದನ್ನು ಹೊಟ್ಟೆಗೆ ಒಂದು ಗೀರೂ ಹಾಕದೆ ಒಳಗಿನಿಂದಲೇ ಕತ್ತರಿಸಿ ತೆಗೆಯಬಹುದು. ಇವೆರಡಕ್ಕೂ ಒಂದೇ ಆಪರೇಷನ್ ಬರೆದುಕೊಡುವ ರೂಢಿಯ ಬಗ್ಗೆಯೇ ಇವತ್ತಿನ ನಮ್ಮ ತಕರಾರು.

ತಕರಾರು ನಮ್ಮದಷ್ಟೇ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 3ಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡವರು. ಅನಗತ್ಯವಾಗಿ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಎಲ್ಲ ರಾಜ್ಯಗಳೂ ಅದನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು. ಕಲಬುರಗಿಯ ತಾಂಡಾಗಳಿಂದ, ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವವರ ಗುಡಾರಗಳಿಂದ ಬಂದ ಸುದ್ದಿಗಳನ್ನು ನೀವೂ ಓದಿದ್ದೀರಿ.

ಗರ್ಭಕೋಶ ತೆಗೆಯುವುದೇ ತಪ್ಪು ಎಂದು ಯಾರೂ ಅಂದುಕೊಳ್ಳಬೇಡಿ. ಕ್ಯಾನ್ಸರ್ ಇದ್ದಾಗ, ಬೇರೆ ಚಿಕಿತ್ಸೆಗಳು ಸೋತಾಗ ಅದು ಬೇಕೇ ಬೇಕು. ನೋಡದೆ ತೆಗೆಯಬೇಡಿ ಎನ್ನುವುದಷ್ಟೇ ನಮ್ಮ ಮಾತು. ಯೋನಿಯ ಮೂಲಕ ತೆಳು ದುರ್ಬೀನು ತೂರಿಸಿ ಗರ್ಭಕೋಶದ ಒಳಗನ್ನು ಹೀಗೆ ಕಣ್ಣಾರೆ ನೋಡುವುದಕ್ಕೆ ಹಿಸ್ಟರೊಸ್ಕೋಪಿ ಎನ್ನುತ್ತಾರೆ.

ನೋಡುವುದಕ್ಕೂ ಮೊದಲು

ಹೆಚ್ಚು ರಕ್ತ ಹೋಗುವುದಕ್ಕೆ ಒಂಬತ್ತು ಬಗೆಯ ಕಾರಣಗಳಿವೆ ಎಂದು ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ‘ಫಿಗೊ’ 2011ರಲ್ಲಿ ವಿಂಗಡಿಸಿತು. ನಾಲ್ಕು ಕಣ್ಣಿಗೆ ಕಾಣುವಂಥವು: ಪಾಲಿಪ್, ಒಳಪದರ ಸ್ನಾಯುವಿನೊಳಗೆ ಹೊಕ್ಕಿರುವ ಅಡಿನೊಮಯೋಸಿಸ್, ಫೈಬ್ರಾಯ್ಡ್, ಮತ್ತು ಕ್ಯಾನ್ಸರ್ ಅಥವಾ ಅದರ ಮುಂಚಿನ ಹಂತ. ಉಳಿದ ಐದು ಕಾಣದವು: ರಕ್ತ ಹೆಪ್ಪುಗಟ್ಟುವ ದೋಷ, ಅಂಡೋತ್ಪತ್ತಿಯ ಏರುಪೇರು, ಒಳಪದರದ್ದೇ ದೋಷ, ಔಷಧಿ ಅಥವಾ ವಂಕಿಯಿಂದ (ಗರ್ಭ ತಡೆಯಲು ಗರ್ಭಕೋಶದೊಳಗೆ ಇಡುವ ಸಾಧನ) ಬರುವುದು, ಇನ್ನೂ ಗುಂಪಿಗೆ ಸೇರದವು. ಈ ಐದಕ್ಕೆ ಯಾವ ಕತ್ತರಿಯೂ ಬೇಡ. ಮೊದಲ ಮುಟ್ಟಿನಿಂದಲೂ ವಿಪರೀತ ಸ್ರಾವವಿದ್ದು, ಹಲ್ಲು ಕೀಳಿಸಿದಾಗಲೂ ರಕ್ತ ನಿಲ್ಲದ ಹುಡುಗಿಗೆ ಇರುವುದು ರಕ್ತದ ಕಾಯಿಲೆ. ಥೈರಾಯ್ಡ್ ಏರುಪೇರಾಗಿ ಮುಟ್ಟು ಕೆಟ್ಟವರಿಗೆ ಮಾತ್ರೆ ಸಾಕು.

ಆದ್ದರಿಂದ ಯಾವ ಉಪಕರಣ ಕೈಗೆತ್ತಿಕೊಳ್ಳುವ ಮೊದಲೂ ಆಗಬೇಕಾದ ಕೆಲಸಗಳಿವೆ. ಹಿಮೋಗ್ಲೋಬಿನ್, ಥೈರಾಯ್ಡ್ ತಿಳಿಸುವ ಟಿಎಸ್‌ಎಚ್, ಮೂತ್ರದಲ್ಲಿ ಗರ್ಭಧಾರಣೆ ಪರೀಕ್ಷೆ. ಯೋನಿಯನ್ನು ಅಗಲಿಸುವ ಸ್ಪೆಕ್ಯುಲಂ ಹಾಕಿ ಗರ್ಭಕಂಠವನ್ನು ಕಣ್ಣಾರೆ ನೋಡುವುದು. ಈ ಕೊನೆಯದನ್ನು ಬಿಟ್ಟು ನೇರ ಸ್ಕ್ಯಾನಿಂಗ್‌ಗೆ ಕಳಿಸುವುದು ಈಗ ಅಭ್ಯಾಸವಾಗಿಬಿಟ್ಟಿದೆ, ಗರ್ಭಕಂಠದ ಕ್ಯಾನ್ಸರ್ ತಪ್ಪಿಹೋಗುವುದು ಇಲ್ಲೇ. ಆಮೇಲೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್. ಅದರಲ್ಲಿ ಒಳಗೆ ಏನೋ ಇದೆ ಎಂಬ ಅನುಮಾನ ಬಂದರೆ ತೆಳು ನಳಿಕೆಯಿಂದ 5–10 ಮಿಲಿಲೀಟರ್ ಸಲೈನ್ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಬಹುದು. ನೀರು ಕಪ್ಪಾಗಿ, ಪಾಲಿಪ್ ಬಿಳಿಯಾಗಿ ಎದ್ದು ಕಾಣುತ್ತದೆ. ಖರ್ಚು ಕಡಿಮೆ, ಹತ್ತು ನಿಮಿಷದ ಕೆಲಸ. ಇದನ್ನು ನಮ್ಮಲ್ಲಿ ಇನ್ನೂ ಹೆಚ್ಚು ಬಳಸಬೇಕಿತ್ತು.

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ದಾರಿ ಬೇರೆ. ಅಂಥವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಒಳಪದರದ ಕ್ಯಾನ್ಸರ್ ಇರುತ್ತದೆ. ಸ್ಕ್ಯಾನ್‌ನಲ್ಲಿ ಪದರ 4 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಿದ್ದರೆ ಕ್ಯಾನ್ಸರ್ ಸಂಭವ ತೀರಾ ಕಡಿಮೆ. ಅದಕ್ಕಿಂತ ದಪ್ಪವಿದ್ದರೆ, ಅಥವಾ ತೆಳುವಿದ್ದೂ ರಕ್ತ ಮರುಕಳಿಸಿದರೆ, ಚೂರು ತೆಗೆದು ಪರೀಕ್ಷಿಸಲೇಬೇಕು. ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ನುಂಗುತ್ತಿರುವವರಲ್ಲಿ ದಪ್ಪದ ಅಳತೆ ನಂಬಿಕೆಗೆ ಬಾರದು. ರಕ್ತ ಕಂಡರೆ ಅವರಿಗೆ ನೇರವಾಗಿ ಒಳಗೆ ನೋಡುವುದೇ ಸರಿ.

ಕುರುಡು ಕೆರೆತ ಮತ್ತು ಒಂದು ಫಾರ್ಮಲಿನ್ ಡಬ್ಬಿ

ಹಳೆಯ ಕ್ರಮ ನಿಮಗೆಲ್ಲ ಗೊತ್ತು, ಡಿ ಅಂಡ್ ಸಿ. ಊರಲ್ಲಿ ‘ಕ್ಲೀನ್ ಮಾಡಿಸೋದು’ ಅನ್ನುತ್ತಾರೆ. ಗರ್ಭಕಂಠ ಹಿಗ್ಗಿಸಿ, ಚಮಚದಂಥ ಕ್ಯುರೆಟ್‌ನಿಂದ ಒಳಗೋಡೆ ಕೆರೆಯುವುದು. ಕೆರೆಯುವವರಿಗೆ ಒಳಗೇನೂ ಕಾಣುವುದಿಲ್ಲ. 1970ರ ದಶಕದಲ್ಲೇ ವೈದ್ಯರು ಇದನ್ನು ಪರೀಕ್ಷಿಸಿದ್ದರು: ಗರ್ಭಕೋಶ ತೆಗೆಯುವ ಸ್ವಲ್ಪ ಮೊದಲು ಕೆರೆದು, ತೆಗೆದ ಮೇಲೆ ಬಿಚ್ಚಿ ನೋಡಿದರು. ಐದಕ್ಕೆ ಮೂರರಷ್ಟು ಪ್ರಕರಣಗಳಲ್ಲಿ ಕುಹರದ ಅರ್ಧ ಭಾಗಕ್ಕೂ ಕ್ಯುರೆಟ್ ತಾಗಿರಲಿಲ್ಲ. ಕಾಂಡದ ಮೇಲೆ ಅಲ್ಲಾಡುವ ಪಾಲಿಪ್ ಕ್ಯುರೆಟ್‌ಗೆ ಸಿಗದೆ ಪಕ್ಕಕ್ಕೆ ಜಾರಿಕೊಳ್ಳುತ್ತದೆ. ‘ಎರಡು ಸಲ ಕ್ಲೀನ್ ಮಾಡಿಸಿದೆ, ನಿಲ್ಲಲಿಲ್ಲ’ ಎನ್ನುವವರಲ್ಲಿ ಎಷ್ಟೋ ಮಂದಿಗೆ ಪಾಲಿಪ್ ಅಲ್ಲೇ ಕುಳಿತಿರುತ್ತದೆ.

ಒಳಪದರದ ಚೂರು ಮಾತ್ರ ಬೇಕಿದ್ದರೆ ಪೈಪೆಲ್ ಸಾಕು. ಸುಮಾರು 3 ಮಿಲಿಮೀಟರ್ ದಪ್ಪದ ಬಾಗುವ ಪ್ಲಾಸ್ಟಿಕ್ ನಳಿಕೆ, ಒಳಗೊಂದು ಪಿಸ್ಟನ್. ಗರ್ಭಕೋಶದ ತುದಿ ತಾಗುವವರೆಗೆ ಒಳಗೆ ಬಿಟ್ಟು, ಪಿಸ್ಟನ್ ಹಿಂದಕ್ಕೆಳೆದು, ನಳಿಕೆಯನ್ನು ತಿರುಗಿಸುತ್ತ ಹಿಂದೆ ಮುಂದೆ ಆಡಿಸಿದರೆ ಅಂಗಾಂಶ ಹೀರಿಕೊಳ್ಳುತ್ತದೆ. ಅರಿವಳಿಕೆ ಬೇಡ, ಒಪಿಡಿಯಲ್ಲೇ ಆಗುತ್ತದೆ. ರೋಗ ಇಡೀ ಪದರಕ್ಕೆ ಹಬ್ಬಿದ್ದರೆ ಇದು ಹಿಡಿಯುತ್ತದೆ, ಒಂದು ಮೂಲೆಯಲ್ಲಷ್ಟೇ ಇದ್ದರೆ ತಪ್ಪಿಸಿಕೊಳ್ಳಬಹುದು. ಪೈಪೆಲ್ ರಿಪೋರ್ಟ್ ಚೆನ್ನಾಗಿದ್ದೂ ರಕ್ತ ಹೋಗುತ್ತಲೇ ಇದ್ದರೆ ಆ ರಿಪೋರ್ಟನ್ನು ನಂಬಿ ಕೂರಬಾರದು.

ಚೂರು ತೆಗೆದ ಮೇಲೆ ಆಗುವ ಎಡವಟ್ಟೊಂದಿದೆ. ನಮ್ಮ ದೇಶದಲ್ಲಿ ಗರ್ಭಕೋಶದ ಕ್ಷಯ ಅಪರೂಪವಲ್ಲ, ಬಂಜೆತನಕ್ಕೆ ಅದೊಂದು ದೊಡ್ಡ ಕಾರಣ. ಚೂರನ್ನೆಲ್ಲ ಒಂದೇ ಫಾರ್ಮಲಿನ್ ಡಬ್ಬಿಗೆ ಹಾಕಿಬಿಟ್ಟರೆ ಕ್ಷಯದ ಕಲ್ಚರ್ (ಕ್ರಿಮಿಯನ್ನು ಬೆಳೆಸಿ ನೋಡುವುದು) ಮಾಡಲು ಬರುವುದಿಲ್ಲ, ಫಾರ್ಮಲಿನ್ ಕ್ರಿಮಿಯನ್ನೇ ಕೊಂದಿರುತ್ತದೆ. ಹಾಗಾಗಿ ಎರಡು ಡಬ್ಬಿ ಬೇಕು: ಪೆಥಾಲಜಿಗೆ ಫಾರ್ಮಲಿನ್‌ನಲ್ಲಿ, ಕಲ್ಚರ್ ಮತ್ತು ಸಿಬಿನ್ಯಾಟ್ ಎಂಬ ಕ್ಷಯದ ಜೀನ್ ಪರೀಕ್ಷೆಗೆ ಬರೀ ನಾರ್ಮಲ್ ಸಲೈನ್‌ನಲ್ಲಿ. ಬಂಜೆತನದ ಪರೀಕ್ಷೆಗೆಂದು ಹೋದವರು ‘ಸಲೈನ್‌ನಲ್ಲೂ ಒಂದು ಕಳಿಸುತ್ತೀರಾ ಡಾಕ್ಟ್ರೇ?’ ಎಂದು ಮೊದಲೇ ಕೇಳಿಬಿಡಿ. ಆಮೇಲೆ ಆ ರಿಪೋರ್ಟನ್ನು ಹೋಗಿ ತೆಗೆದುಕೊಳ್ಳಿ. ರಕ್ತ ನಿಂತಿತು ಎಂದು ಎಷ್ಟೋ ಮಂದಿ ಆ ಕಡೆ ಸುಳಿಯುವುದೇ ಇಲ್ಲ.

ಹಿಸ್ಟರೊಸ್ಕೋಪಿ ಹೇಗೆ ನಡೆಯುತ್ತದೆ

1869ರಲ್ಲಿ ಪ್ಯಾಂಟಲಿಯೊನಿ ಎಂಬ ವೈದ್ಯ ಮೂತ್ರಕೋಶ ನೋಡುವ ನಳಿಕೆಯನ್ನೇ ಬಳಸಿ, ಮುಟ್ಟು ನಿಂತ ಮೇಲೆ ರಕ್ತ ಕಂಡಿದ್ದ 60ರ ಹೆಂಗಸೊಬ್ಬರ ಗರ್ಭಕೋಶದೊಳಗೆ ಪಾಲಿಪ್ ಕಂಡು ಸಿಲ್ವರ್ ನೈಟ್ರೇಟ್‌ನಿಂದ ಸುಟ್ಟ. ಆ ಮೇಲೆ ನೂರು ವರ್ಷ ಇದು ಮುಂದೆ ಸಾಗಲಿಲ್ಲ. ಮೂತ್ರಕೋಶ ಮೂತ್ರ ತುಂಬಿ ತಾನಾಗಿ ಅಗಲವಾಗುತ್ತದೆ. ಗರ್ಭಕೋಶ ಹಾಗಲ್ಲ, ಅದರ ಮುಂಗೋಡೆ ಹಿಂಗೋಡೆಗಳು ಜೋಡಿಸಿದ ಅಂಗೈಗಳಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ದಪ್ಪ ಸ್ನಾಯು ಬೇರೆ, ಮುಟ್ಟಿದರೆ ರಕ್ತ. ಒತ್ತಡದಿಂದ ನೀರು ಹಾಯಿಸಿ ಅದನ್ನು ತೆರೆಯುವ ಉಪಾಯ, ತೆಳುವಾದ ಆದರೆ ಸ್ಪಷ್ಟವಾಗಿ ತೋರುವ ಹಾಪ್ಕಿನ್ಸ್ ಗಾಜಿನ ಸರಳುಗಳ ದುರ್ಬೀನು, ಹೊರಗಿನಿಂದ ಫೈಬರ್ ಮೂಲಕ ತರುವ ಬೆಳಕು ಇವೆಲ್ಲ ಕೂಡಿದ ಮೇಲೆಯೇ ಇದು ದಿನನಿತ್ಯದ ಕೆಲಸವಾಯಿತು.

ಈಗ ಒಪಿಡಿಯಲ್ಲಿ ಬಳಸುವ ದುರ್ಬೀನಿನ ದಪ್ಪ 2.9 ಮಿಲಿಮೀಟರ್, ನೀರು ಹೋಗಿಬರುವ ಕವಚ ಸೇರಿ ಸುಮಾರು 5. ಸೂಕ್ತ ದಿನ ಮುಟ್ಟು ಶುರುವಾದ 6ರಿಂದ 11ನೇ ದಿನದೊಳಗೆ. ಆಗ ಒಳಪದರ ತೆಳುವಾಗಿರುತ್ತದೆ, ಗರ್ಭ ನಿಂತಿರುವ ಸಂಭವವೂ ಕಡಿಮೆ. 20ನೇ ದಿನದ ಹೊತ್ತಿಗೆ ಪದರ ಉಬ್ಬಿ ಮಡಿಕೆ ಬಿದ್ದು ಇಲ್ಲದ ಪಾಲಿಪ್ ಇದ್ದಂತೆ ತೋರುತ್ತದೆ. ಮುಟ್ಟು ನಿಂತವರಿಗೆ ಯಾವ ದಿನವಾದರೂ ಸರಿ. ಬಿಳಿ ಸೆರಗು ವಾಸನೆ ಬರುತ್ತಿದ್ದರೆ, ಕಿಬ್ಬೊಟ್ಟೆ ನೋವು ಜ್ವರ ಇದ್ದರೆ ಮೊದಲು ಸೋಂಕು ವಾಸಿಮಾಡಿಕೊಳ್ಳಬೇಕು, ಇಲ್ಲದಿದ್ದರೆ ನೀರಿನ ಜೊತೆ ಅದನ್ನೂ ಮೇಲಕ್ಕೆ ತಳ್ಳಿದಂತಾಗುತ್ತದೆ.

ಅರಿವಳಿಕೆ ಇಲ್ಲದೆ ಮಾಡುವುದಾದರೆ ಉಪವಾಸ ಬೇಕಿಲ್ಲ. ಹೊಟ್ಟೆಗೆ ಒಗ್ಗುವವರಿಗೆ ಒಂದು ಗಂಟೆ ಮೊದಲು 400 ಮಿಲಿಗ್ರಾಂ ಐಬುಪ್ರೊಫೆನ್ ಕೊಡುತ್ತೇವೆ. ಮೊದಲೆಲ್ಲ ಸ್ಪೆಕ್ಯುಲಂ ಹಾಕಿ, ಗರ್ಭಕಂಠವನ್ನು ಮೊನಚು ಇಕ್ಕಳದಿಂದ ಹಿಡಿದೆಳೆದು ದುರ್ಬೀನು ತೂರಿಸುತ್ತಿದ್ದರು. ನೋವಿನ ಬಹುಪಾಲು ಬರುತ್ತಿದ್ದುದು ಆ ಇಕ್ಕಳದಿಂದಲೇ. ಇಟಲಿಯ ಬೆಟ್ಟೊಕಿ 1990ರ ದಶಕದಲ್ಲಿ ಬಳಕೆಗೆ ತಂದ ಕ್ರಮದಲ್ಲಿ ಎರಡೂ ಇಲ್ಲ. ದುರ್ಬೀನನ್ನು ಯೋನಿಯೊಳಗಿಟ್ಟು ನೀರು ಬಿಟ್ಟರೆ ಯೋನಿಯ ಗೋಡೆಗಳು ತಾವಾಗಿ ಸರಿಯುತ್ತವೆ. ಹಿಂಭಾಗದವರೆಗೆ ಹೋಗಿ ಸ್ವಲ್ಪ ಹಿಂದೆ ಬಂದರೆ ಗರ್ಭಕಂಠದ ಬಾಯಿ ಕಾಣುತ್ತದೆ.

ಇನ್ನು ಮುಂದೆ ಕೈಚಳಕದ ಮಾತು. ದುರ್ಬೀನಿನ ಗಾಜು 30 ಡಿಗ್ರಿ ಮೇಲಕ್ಕೆ ನೋಡುತ್ತದೆ. ಪರದೆಯ ನಡುವೆ ಕಾಣುವುದು ನಾವು ಹೋಗುತ್ತಿರುವ ದಾರಿ ಅಲ್ಲ, ಅದರ ಮೇಲಿನ ಗೋಡೆ. ಹೊಸಬರು ಕಪ್ಪು ರಂಧ್ರವನ್ನು ಪರದೆಯ ಮಧ್ಯಕ್ಕೆ ತಂದು ತಳ್ಳುತ್ತಾರೆ, ತುದಿ ಕೆಳಗಿನ ಗೋಡೆಗೆ ಚುಚ್ಚಿಕೊಳ್ಳುತ್ತದೆ. ರಂಧ್ರ ಪರದೆಯ ಕೆಳ ಅಂಚಿನಲ್ಲಿ, ಗಡಿಯಾರದ 6 ಗಂಟೆಯ ಜಾಗದಲ್ಲಿ ಕಾಣುತ್ತಿದ್ದರೆ ದಾರಿ ಸರಿ. ಗರ್ಭಕಂಠದ ಒಳಬಾಯಿ ಅಡ್ಡಡ್ಡ ಮೊಟ್ಟೆಯಾಕಾರ. ಕವಚವೂ ಮೊಟ್ಟೆಯಾಕಾರವೇ ಇದ್ದರೆ ಅಲ್ಲಿ ಅದನ್ನು ಕಾಲು ಸುತ್ತು ತಿರುಗಿಸಬೇಕು. ಆಗ ಬಲವಿಲ್ಲದೆ ಜಾರುತ್ತದೆ. ಬಲ ಹಾಕಬೇಕೆನಿಸಿದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ನೀರೆಂದರೆ ನಾರ್ಮಲ್ ಸಲೈನ್. ಪಂಪ್ ಇಲ್ಲದಿದ್ದರೂ ಆಗುತ್ತದೆ: ಬಾಟಲಿಯನ್ನು ಗರ್ಭಕೋಶದ ಮಟ್ಟಕ್ಕಿಂತ 1 ಮೀಟರ್ ಎತ್ತರಕ್ಕೆ ಕಟ್ಟಿದರೆ ಸುಮಾರು 74 ಮಿಲಿಮೀಟರ್ ಪಾದರಸದಷ್ಟು ಒತ್ತಡ ಸಿಗುತ್ತದೆ. ನೋಡುವುದಕ್ಕೆ ಅಷ್ಟು ಧಾರಾಳವಾಯಿತು. ಇನ್ನೂ ಎತ್ತರಿಸಿದರೆ ನೀರು ಟ್ಯೂಬ್‌ಗಳ (ಅಂಡನಾಳಗಳ) ಮೂಲಕ ಹೊಟ್ಟೆಗೆ ಸೋರಿ ನೋವು ಹೆಚ್ಚುತ್ತದೆ. ಚಿತ್ರ ಮಸುಕಾದಾಗ ಮೊದಲು ನೋಡಬೇಕಾದದ್ದು ನೀರು ಹೊರಹೋಗುವ ನಲ್ಲಿಯನ್ನು. ಅದು ಮುಚ್ಚಿದ್ದರೆ ರಕ್ತ ಬೆರೆತ ನೀರು ಒಳಗೇ ನಿಂತಿರುತ್ತದೆ.

ಒಳಗೆ ಹೋದ ಮೇಲೆ ನೋಡುವ ಕ್ರಮವಿದೆ: ಮೇಲ್ಭಾಗ, ಬಲಮೂಲೆಯಲ್ಲಿ ಟ್ಯೂಬಿನ ಬಾಯಿ, ಎಡಮೂಲೆಯಲ್ಲಿ ಇನ್ನೊಂದು, ಮುಂಗೋಡೆ, ಹಿಂಗೋಡೆ, ಪಕ್ಕಗಳು, ಹೊರಬರುವಾಗ ಗರ್ಭಕಂಠದ ಕಾಲುವೆ. ಎರಡೂ ಟ್ಯೂಬ್ ಬಾಯಿಗಳು ಕಾಣದೆ ಪರೀಕ್ಷೆ ಮುಗಿಯಿತು ಎಂದು ಬರೆಯಬಾರದು. ಬಾಯಿಗಳ ಬದಲು ಅಡ್ಡಾದಿಡ್ಡಿ ಹೆಣೆದ ಸ್ನಾಯುವಿನ ಎಳೆಗಳು ಕಂಡರೆ ದುರ್ಬೀನು ಕುಹರದಲ್ಲಿಲ್ಲ, ಗೋಡೆಯೊಳಗೆ ಸುಳ್ಳು ದಾರಿ ಕೊರೆಯುತ್ತಿದೆ. ಅಲ್ಲೇ ನಿಲ್ಲಿಸಿ ಹಿಂದೆ ಬರಬೇಕು.

ಬರೀ ನೋಡುವುದಾದರೆ ಎಲ್ಲ ಸೇರಿ ಕೆಲವೇ ನಿಮಿಷ. ನೋವು ಮುಟ್ಟಿನ ನೋವಿನಂತಿರುತ್ತದೆ ಎನ್ನುತ್ತೇವೆ, ಬಹಳ ಮಂದಿಗೆ ಅದು ನಿಜ. ಕೆಲವರಿಗೆ ತಡೆಯಲಾರದಷ್ಟು ನೋವಾಗುತ್ತದೆ, ಅದೂ ನಿಜ, ಅದನ್ನು ಮುಚ್ಚಿಡಬಾರದು. ‘ಸಾಕು’ ಎಂದರೆ ನಿಲ್ಲಿಸಬೇಕು. ಹೆರಿಗೆಯಾಗದವರಿಗೆ, ಮುಟ್ಟು ನಿಂತು ಗರ್ಭಕಂಠ ಬಿಗಿದವರಿಗೆ, ಹಿಂದಿನ ಅನುಭವದಿಂದ ಹೆದರಿದವರಿಗೆ ಅರಿವಳಿಕೆ ಕೊಟ್ಟು ಥಿಯೇಟರ್‌ನಲ್ಲಿ ಮಾಡುವುದೇ ಮೇಲು. ಒಬ್ಬೊಬ್ಬರಿಗೆ ಗರ್ಭಕಂಠ ಹಿಗ್ಗಿದಾಗ ನಾಡಿ ಇಳಿದು, ಬೆವರಿ, ವಾಂತಿ ಬಂದಂತಾಗುತ್ತದೆ. ದುರ್ಬೀನು ಹೊರತೆಗೆದು ಕಾಲು ಎತ್ತರಿಸಿ ಮಲಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ಆಗದಿದ್ದರೆ ಅಟ್ರೊಪಿನ್ 0.6 ಮಿಲಿಗ್ರಾಂ. ಆ ಆ್ಯಂಪೂಲ್ ಅದೇ ಕೋಣೆಯ ಟ್ರೇಯಲ್ಲಿರಬೇಕು, ಕೆಳಮಹಡಿಯ ಫಾರ್ಮಸಿಯಲ್ಲಿ ಅಲ್ಲ.

ನೋಡಿದ್ದನ್ನು ಅಲ್ಲೇ ತೆಗೆಯುವುದು

ಕವಚದಲ್ಲಿ ಇನ್ನೊಂದು ಸಣ್ಣ ಕಾಲುವೆ ಇರುತ್ತದೆ, ಅದರೊಳಗೆ 1.7 ಮಿಲಿಮೀಟರ್ ದಪ್ಪದ ಕತ್ತರಿ, ಇಕ್ಕಳ ಹೋಗುತ್ತವೆ. ದಾರ ಕಾಣೆಯಾದ ವಂಕಿಯನ್ನು ಇದೇ ಇಕ್ಕಳದಿಂದ ಹಿಡಿದು ದುರ್ಬೀನಿನ ಸಮೇತ ಹೊರಗೆಳೆಯಬಹುದು. (ಮೊದಲು ಸ್ಕ್ಯಾನ್ ಮಾಡಿ ಅದು ಗರ್ಭಕೋಶದಲ್ಲೇ ಇದೆಯೇ ನೋಡಿರಬೇಕು. ಕಾಣದಿದ್ದರೆ ಹೊಟ್ಟೆಯ ಎಕ್ಸ್‌ರೇ.) ಪಾಲಿಪ್ ಆದರೆ ಬುಡದಲ್ಲಿ ಕತ್ತರಿಸುವುದು. ಇಲ್ಲೊಂದು ತೊಡಕು: ಬುಡ ಕತ್ತರಿಸಿ ಬಿಟ್ಟ ದೊಡ್ಡ ಪಾಲಿಪ್ ನೀರಿನಲ್ಲಿ ತೇಲುತ್ತ ಕೈಗೆ ಸಿಗದೆ ಆಡಿಸುತ್ತದೆ, ಸಿಕ್ಕರೂ ಗರ್ಭಕಂಠದಿಂದ ಹೊರಬರುವುದಿಲ್ಲ. ಅದಕ್ಕೇ ದೊಡ್ಡದನ್ನು ತುದಿಯಿಂದ ಬುಡದ ಕಡೆಗೆ ಮೊದಲೇ ಸೀಳಿಕೊಂಡು, ಬುಡವನ್ನು ಕೊನೆಗೆ ಕತ್ತರಿಸುವುದು ಜಾಣತನ.

ಫೈಬ್ರಾಯ್ಡ್‌ಗೆ ಬಂದರೆ ಫಿಗೊ ಅವುಗಳಿಗೆ 0ಯಿಂದ 8ರವರೆಗೆ ಅಂಕಿ ಕೊಟ್ಟಿದೆ. 0 ಎಂದರೆ ಪೂರ್ತಿ ಕುಹರದೊಳಗೆ ಕಾಂಡದ ಮೇಲೆ ನಿಂತದ್ದು. 1 ಎಂದರೆ ಅರ್ಧಕ್ಕಿಂತ ಕಡಿಮೆ ಭಾಗ ಗೋಡೆಯೊಳಗೆ. 2 ಎಂದರೆ ಅರ್ಧ ಅಥವಾ ಹೆಚ್ಚು ಗೋಡೆಯೊಳಗೆ. ಈ ಮೂರಕ್ಕೆ ಮಾತ್ರ ಹಿಸ್ಟರೊಸ್ಕೋಪ್ ದಾರಿ. 3ರಿಂದ ಮೇಲಿನವು ಗೋಡೆಯಲ್ಲಿ ಅಥವಾ ಹೊರಗೆ ಇರುವಂಥವು. ನಿಮ್ಮ ಸ್ಕ್ಯಾನ್ ರಿಪೋರ್ಟಿನಲ್ಲಿ ಈ ಅಂಕಿ ಇಲ್ಲದಿದ್ದರೆ ಬರೆಸಿಕೊಳ್ಳಿ. ‘ಫೈಬ್ರಾಯ್ಡ್ 3×3 ಸೆಂಟಿಮೀಟರ್’ ಎಂದಷ್ಟೇ ಬರೆದ ರಿಪೋರ್ಟಿನಿಂದ ಯಾವ ನಿರ್ಧಾರವೂ ಸಾಧ್ಯವಿಲ್ಲ. 2ನೇ ಬಗೆಯದಾದರೆ ಇನ್ನೊಂದು ಅಳತೆಯೂ ಬೇಕು: ಗಡ್ಡೆಯ ಹೊರ ಅಂಚಿನಿಂದ ಗರ್ಭಕೋಶದ ಹೊರಮೈಗೆ ಎಷ್ಟು ಸ್ನಾಯು ಉಳಿದಿದೆ? 5 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ತೂತು ಬೀಳುವ ಅಪಾಯ ಹೆಚ್ಚು.

ಇದಕ್ಕೆ ಬಳಸುವುದು ರಿಸೆಕ್ಟೊಸ್ಕೋಪ್. ದಪ್ಪ ಸುಮಾರು 9 ಮಿಲಿಮೀಟರ್, ಆದ್ದರಿಂದ ಗರ್ಭಕಂಠ ಹಿಗ್ಗಿಸಬೇಕು, ಅರಿವಳಿಕೆ ಬೇಕು. ತುದಿಯಲ್ಲಿ ವಿದ್ಯುತ್ ಹರಿಯುವ ತಂತಿಯ ಕುಣಿಕೆ ಇರುತ್ತದೆ. ಕುಣಿಕೆಯನ್ನು ಗಡ್ಡೆಯ ಆಚೆ ಬದಿಗೆ ಚಾಚಿ, ತನ್ನ ಕಡೆಗೆ ಎಳೆದುಕೊಳ್ಳುವಾಗ ಮಾತ್ರ ಪೆಡಲ್ ಒತ್ತಬೇಕು. ಮುಂದಕ್ಕೆ ತಳ್ಳುವಾಗ ಒತ್ತಿದರೆ ತೂತು ಬಿದ್ದು, ಆಚೆಗಿರುವ ಕರುಳು ಸುಡುತ್ತದೆ. 3 ಸೆಂಟಿಮೀಟರ್ ಮೀರಿದ, ಆಳವಾಗಿ ಕೂತ ಗಡ್ಡೆ ಒಂದೇ ಸಲಕ್ಕೆ ಮುಗಿಯದಿರಬಹುದು. ಎರಡನೇ ಸಲ ಬರಬೇಕಾದೀತು ಎಂದು ಮೊದಲೇ ಹೇಳಿರಬೇಕು. ಒಂದೇ ಸಲಕ್ಕೆ ಮುಗಿಸುವ ಹಟದಲ್ಲೇ ಹೆಚ್ಚಿನ ಅವಘಡಗಳು ಆಗುವುದು.

ಆ ಅವಘಡಗಳಲ್ಲಿ ದೊಡ್ಡದು ನೀರಿನದು. ಗಡ್ಡೆ ಕತ್ತರಿಸಿದಾಗ ರಕ್ತನಾಳಗಳ ಬಾಯಿ ತೆರೆದುಕೊಳ್ಳುತ್ತದೆ, ಒತ್ತಡದಲ್ಲಿರುವ ನೀರು ಅವುಗಳೊಳಗೆ ನುಗ್ಗುತ್ತದೆ. ಹಳೆಯ ಮೊನೊಪೋಲಾರ್ ಯಂತ್ರಕ್ಕೆ ಸಲೈನ್ ಆಗುವುದಿಲ್ಲ, ಅದು ವಿದ್ಯುತ್ತನ್ನು ಹರಡಿಬಿಡುತ್ತದೆ. ಅದಕ್ಕೆ ಶೇ 1.5ರ ಗ್ಲೈಸಿನ್ ಬೇಕು. ಗ್ಲೈಸಿನ್‌ನಲ್ಲಿ ಸೋಡಿಯಂ ಇಲ್ಲ. ಪ್ರತಿ ಲೀಟರ್ ಒಳಹೋದಾಗ ರಕ್ತದ ಸೋಡಿಯಂ ಸುಮಾರು 10 ಅಂಕಿ ಇಳಿಯುತ್ತದೆ: 140 ಇದ್ದದ್ದು 130, ಆಮೇಲೆ 120. ಮಿದುಳು ಊದಿಕೊಳ್ಳುತ್ತದೆ, ಫಿಟ್ಸ್ ಬರಬಹುದು. ಆರೋಗ್ಯವಂತ ಹೆಂಗಸಿಗೆ ಗ್ಲೈಸಿನ್ ಒಳಹೋಗಬಹುದಾದ ಮಿತಿ 1 ಲೀಟರ್, ಅಲ್ಲಿಗೆ ಕೆಲಸ ನಿಲ್ಲಿಸಬೇಕು. ಬೈಪೋಲಾರ್ ಯಂತ್ರದಲ್ಲಿ ಸಲೈನ್ ಬಳಸಬಹುದು, ಮಿತಿ 2.5 ಲೀಟರ್. ಸೋಡಿಯಂ ಇಳಿಯದಿದ್ದರೂ ಮಿತಿ ಮೀರಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ವಯಸ್ಸಾದವರಿಗೆ, ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರಿಗೆ ಎರಡೂ ಮಿತಿ ಇನ್ನೂ ಕಡಿಮೆ.

ಲೆಕ್ಕ ಸುಲಭ: ಒಳಹೋದದ್ದರಲ್ಲಿ ಹೊರಬಂದದ್ದನ್ನು ಕಳೆಯುವುದು. ಮಾಡುವುದು ಕಷ್ಟ. ನೀರು ಬಟ್ಟೆಗೆ, ನೆಲಕ್ಕೆ, ಬಕೆಟ್ಟಿಗೆ ಹೋಗುತ್ತದೆ. ‘ನೆಲಕ್ಕೆ ಚೆಲ್ಲಿರಬೇಕು ಬಿಡಿ’ ಎಂಬ ಮಾತು ಥಿಯೇಟರ್‌ನಲ್ಲಿ ಅಪಾಯದ ಮಾತು. ಪೃಷ್ಠದ ಕೆಳಗೆ ನೀರು ಹಿಡಿಯುವ ಚೀಲ ಕಟ್ಟಿ, ಪ್ರತಿ ಹತ್ತು ನಿಮಿಷಕ್ಕೊಮ್ಮೆ ಒಬ್ಬ ನರ್ಸ್ ಗಟ್ಟಿಯಾಗಿ ಲೆಕ್ಕ ಕೂಗಬೇಕು. ಅವರಿಗೆ ಆ ಹೊತ್ತಿನಲ್ಲಿ ಬೇರೆ ಕೆಲಸ ಕೊಡಬಾರದು. ಬಾಟಲಿ ಬದಲಿಸುವಾಗ ಗಾಳಿ ಒಳಸೇರದಂತೆ ಟ್ಯೂಬನ್ನು ನೀರಿನಿಂದ ತುಂಬಿಕೊಂಡೇ ಜೋಡಿಸಬೇಕು. ಗಾಳಿಯ ಗುಳ್ಳೆ ರಕ್ತನಾಳ ಹೊಕ್ಕು ಹೃದಯ ಸೇರಿದರೆ ಸಮಯವೇ ಸಿಗುವುದಿಲ್ಲ.

ಗೋಡೆ ತೂತಾಗಿದೆ ಎಂದು ಹೇಗೆ ಗೊತ್ತಾಗುತ್ತದೆ? ಉಬ್ಬಿದ್ದ ಕುಹರ ಇದ್ದಕ್ಕಿದ್ದಂತೆ ಕುಸಿಯುತ್ತದೆ, ನೀರಿನ ಲೆಕ್ಕ ಒಮ್ಮೆಲೇ ಏರುತ್ತದೆ. ಬರೀ ಹಿಗ್ಗಿಸುವ ಸರಳಿನಿಂದ ಮೇಲ್ಭಾಗದಲ್ಲಿ ಆದ ಸಣ್ಣ ತೂತಾದರೆ ನಿಲ್ಲಿಸಿ, ನಾಡಿ ಬಿಪಿ ಗಮನಿಸಿದರೆ ಹೆಚ್ಚಾಗಿ ತಾನೇ ಮುಚ್ಚಿಕೊಳ್ಳುತ್ತದೆ. ವಿದ್ಯುತ್ ಕುಣಿಕೆಯಿಂದ ಆಗಿದ್ದರೆ ಕಾಯುವಂತಿಲ್ಲ, ಅಲ್ಲೇ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಲ್ಯಾಪರೊಸ್ಕೋಪ್ ಎಂಬ ದುರ್ಬೀನು ಹಾಕಿ ಕರುಳು ನೋಡಬೇಕು. ಸುಟ್ಟ ಕರುಳು ಅಂದೇ ಸೋರುವುದಿಲ್ಲ, ಕೆಲವು ದಿನ ಬಿಟ್ಟು ಒಡೆಯುತ್ತದೆ.

ಗರ್ಭಪಾತದ ಬಳಿಕ ಜೋರಾಗಿ ಕೆರೆದದ್ದರಿಂದ, ಅಥವಾ ಕ್ಷಯದಿಂದ, ಗೋಡೆಗಳು ಒಂದಕ್ಕೊಂದು ಬೆಸೆದುಕೊಂಡು ಮುಟ್ಟು ಕಡಿಮೆಯಾಗುವುದುಂಟು. ಆ ಎಳೆಗಳನ್ನು ವಿದ್ಯುತ್ ಇಲ್ಲದ ಕತ್ತರಿಯಿಂದಲೇ ಬಿಡಿಸುವುದು ಒಳ್ಳೆಯದು. ಒಂದೆರಡು ತಿಂಗಳಲ್ಲಿ ಮತ್ತೊಮ್ಮೆ ಒಳಗೆ ನೋಡಬೇಕು, ಮತ್ತೆ ಅಂಟಿಕೊಳ್ಳುವುದು ಇದರ ಸ್ವಭಾವ. ಕ್ಷಯದಿಂದ ಆದದ್ದಾದರೆ ಫಲಿತಾಂಶ ಅಷ್ಟು ಚೆನ್ನಾಗಿರುವುದಿಲ್ಲ. ಹುಟ್ಟಿನಿಂದಲೇ ಇರುವ ಅಡ್ಡಪರದೆಯನ್ನೂ ಹೀಗೇ ಕತ್ತರಿಸಬಹುದು, ಆದರೆ ಅದರಿಂದ ಗರ್ಭ ನಿಲ್ಲಲು ಎಷ್ಟು ಅನುಕೂಲ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ.

ಕತ್ತರಿಸದ ದಾರಿಗಳು

ಹಾರ್ಮೋನ್ ವಂಕಿಯನ್ನು ಮೊದಲು ಹೇಳಬೇಕು. ಅದರಲ್ಲಿ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುತ್ತದೆ, ಶುರುವಿನಲ್ಲಿ ದಿನಕ್ಕೆ 20 ಮೈಕ್ರೊಗ್ರಾಂನಷ್ಟು ಒಳಪದರಕ್ಕೇ ಬಿಡುಗಡೆಯಾಗಿ ಅದನ್ನು ತೆಳುವಾಗಿಸುತ್ತದೆ. ಅಡಿನೊಮಯೋಸಿಸ್‌ಗೂ ಕೆಲಸ ಮಾಡುತ್ತದೆ. ಕ್ಯಾನ್ಸರ್ ಲಕ್ಷಣವಿಲ್ಲದೆ ಒಳಪದರ ದಪ್ಪಗಾಗಿದ್ದರೆ ಮೊದಲ ಆಯ್ಕೆಯೇ ಇದು, ಆರು ತಿಂಗಳಿಗೊಮ್ಮೆ ಚೂರು ಪರೀಕ್ಷೆ ಆಗುತ್ತಿರಬೇಕು ಅಷ್ಟೆ. ಇದು ಸೋಲುವುದು ಸಾಮಾನ್ಯವಾಗಿ ಔಷಧಿಯಿಂದ ಅಲ್ಲ, ಹೇಳದೆ ಹಾಕುವುದರಿಂದ. ಮೊದಲ ಮೂರರಿಂದ ಆರು ತಿಂಗಳು ದಿನಬಿಟ್ಟು ದಿನ ಹನಿಹನಿ ಹೋಗುತ್ತಲೇ ಇರುತ್ತದೆ. ಗೊತ್ತಿಲ್ಲದವರು ಎರಡನೇ ತಿಂಗಳೇ ತೆಗೆಸಿಬಿಡುತ್ತಾರೆ. ಇನ್ನೊಂದು ಗೊಂದಲ: ಕಾಪರ್-ಟಿ ಇದಲ್ಲ. ಕಾಪರ್-ಟಿ ಸ್ರಾವವನ್ನು ಹೆಚ್ಚಿಸುತ್ತದೆ.

ಒಳಪದರವನ್ನು ಬಿಸಿಯಿಂದ ಸುಡುವ ಕ್ರಮವೂ ಇದೆ: ಬಿಸಿನೀರಿನ ಬಲೂನ್ ಆದರೆ ಸುಮಾರು 8 ನಿಮಿಷ, ರೇಡಿಯೊ ಅಲೆಯ ಜಾಲರಿಯಾದರೆ ಎರಡು ನಿಮಿಷದೊಳಗೆ. ಸುಡುವ ಮೊದಲು ಚೂರು ಪರೀಕ್ಷೆ ಆಗಿರಲೇಬೇಕು, ಸುಟ್ಟ ಮೇಲೆ ಒಳಗಿನ ಕ್ಯಾನ್ಸರ್ ಹುಡುಕುವುದು ಕಷ್ಟ. ಮಕ್ಕಳು ಬೇಕಿರುವವರಿಗೆ ಇದು ಸಲ್ಲದು. ಇದು ಗರ್ಭನಿರೋಧಕವೂ ಅಲ್ಲ. ಸುಟ್ಟ ಪದರದ ಮೇಲೆ ಗರ್ಭ ನಿಂತರೆ ತಾಯಿಗೇ ಅಪಾಯ.

ಗೋಡೆಯಲ್ಲಿರುವ ದೊಡ್ಡ ಫೈಬ್ರಾಯ್ಡ್‌ಗಳಿಗೆ, ಮುಂದೆ ಮಕ್ಕಳು ಬೇಡ ಎನ್ನುವವರಿಗೆ, ರಕ್ತನಾಳ ಮುಚ್ಚುವ ಎಂಬೊಲೈಸೇಷನ್ ಇದೆ. ತೊಡೆಸಂದಿನ ಅಥವಾ ಮಣಿಕಟ್ಟಿನ ನಾಳದಿಂದ ತೆಳು ನಳಿಕೆ ಹಾಯಿಸಿ, ಅರ್ಧದಿಂದ ಮುಕ್ಕಾಲು ಮಿಲಿಮೀಟರ್‌ನ ಕಣಗಳನ್ನು ಗರ್ಭಕೋಶದ ನಾಳಗಳಿಗೆ ಬಿಡುತ್ತಾರೆ. 1995ರಲ್ಲಿ ಪ್ಯಾರಿಸ್‌ನ ರವೀನಾ ಮತ್ತು ಸಂಗಡಿಗರು ಮೊದಲು ವರದಿ ಮಾಡಿದ ಚಿಕಿತ್ಸೆ ಇದು. ಮೊದಲ ದಿನದ ನೋವು ತೀವ್ರ, ಗಟ್ಟಿ ನೋವುನಿವಾರಕದ ಏರ್ಪಾಡು ಇರಲೇಬೇಕು. ಇದನ್ನು ಮಾಡುವವರು ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್. ಸ್ತ್ರೀರೋಗ ತಜ್ಞರು ಇದನ್ನು ಹೇಳದೇ ಇರುವುದುಂಟು, ನೀವೇ ಕೇಳಿ.

ರಂಧ್ರ ಸಣ್ಣದಾದರೆ ಆಪರೇಷನ್ ಸಣ್ಣದೇ?

ಲ್ಯಾಪರೊಸ್ಕೋಪಿಯಲ್ಲಿ ಹೊಕ್ಕುಳಲ್ಲಿ 10 ಮಿಲಿಮೀಟರ್, ಕೆಳಗೆ ಎರಡು ಮೂರು ಕಡೆ 5 ಮಿಲಿಮೀಟರ್ ರಂಧ್ರ. ಹೊಟ್ಟೆಗೆ 12ರಿಂದ 15 ಮಿಲಿಮೀಟರ್ ಪಾದರಸದಷ್ಟು ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಮಾರನೆಯ ದಿನ ಭುಜ ನೋಯುತ್ತದೆ ಎಂದು ಗಾಬರಿಯಾಗುತ್ತಾರೆ. ಉಳಿದ ಅನಿಲ ವಪೆಯನ್ನು ಕೆಣಕುವುದರಿಂದ ಬರುವ ನೋವು ಅದು, ಎರಡು ದಿನದಲ್ಲಿ ಹೋಗುತ್ತದೆ. ಗೋಡೆಯ ಫೈಬ್ರಾಯ್ಡ್ ಮಾತ್ರ ತೆಗೆದು ಗರ್ಭಕೋಶ ಉಳಿಸುವುದು ಇದರ ಒಳ್ಳೆಯ ಉಪಯೋಗ. ಗಡ್ಡೆ ತೆಗೆಯುವುದಕ್ಕಿಂತ ಗುಳಿಯನ್ನು ಪದರ ಪದರವಾಗಿ ಹೊಲಿಯುವುದರಲ್ಲಿ ಕೌಶಲ ಇದೆ. ಹೊಲಿಗೆ ಸಡಿಲವಾದರೆ ಮುಂದಿನ ಬಸಿರಿನಲ್ಲಿ ಅಲ್ಲೇ ಬಿರಿಯಬಹುದು. ಹೀಗೆ ತೆಗೆಸಿಕೊಂಡವರು ಡಿಸ್ಚಾರ್ಜ್ ಚೀಟಿಯನ್ನು ಮುಂದಿನ ಹೆರಿಗೆ ವೈದ್ಯರಿಗೆ ತೋರಿಸಲೇಬೇಕು.

ದೊಡ್ಡ ಗಡ್ಡೆಯನ್ನು ಸಣ್ಣ ರಂಧ್ರದಿಂದ ತೆಗೆಯಲು ಒಳಗೇ ತುರಿಯುವ ಯಂತ್ರವಿದೆ. ಫೈಬ್ರಾಯ್ಡ್ ಎಂದು ಆಪರೇಷನ್ ಮಾಡಿಸಿಕೊಳ್ಳುವ ಸುಮಾರು 350 ಹೆಂಗಸರಲ್ಲಿ ಒಬ್ಬರಿಗೆ ಅದು ಅಡಗಿದ ಸಾರ್ಕೋಮಾ ಎಂಬ ಕ್ಯಾನ್ಸರ್ ಆಗಿರಬಹುದು, ತುರಿದರೆ ಹೊಟ್ಟೆಯೆಲ್ಲ ಹರಡೀತು ಎಂದು 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತು. ಅಂದಿನಿಂದ ಚೀಲದೊಳಗೆ ಹಾಕಿ ತುರಿಯುವುದು, ಮುಟ್ಟು ನಿಂತವರಲ್ಲಿ ತುರಿಯದಿರುವುದು ರೂಢಿಗೆ ಬಂದಿದೆ.

ಲ್ಯಾಪರೊಸ್ಕೋಪಿಯಲ್ಲಿ ಇಡೀ ಗರ್ಭಕೋಶವನ್ನೂ ತೆಗೆಯಬಹುದು. ಆದರೆ ಹೊರಗಿನ ಗೀರು ಸಣ್ಣದಾಯಿತೆಂದು ಒಳಗಿನ ಕೆಲಸ ಸಣ್ಣದಾಗುವುದಿಲ್ಲ. ಮೂತ್ರನಾಳಕ್ಕೆ ಪೆಟ್ಟಾಗುವ ಸಂಭವ ಇದರಲ್ಲೂ ಇದೆ, ಹಿಂದೆ ಸಿಸೇರಿಯನ್ ಆದವರಲ್ಲಿ ಮೂತ್ರಕೋಶ ಅಂಟಿಕೊಂಡಿರುತ್ತದೆ. ‘ಲೇಸರ್‌ನಲ್ಲಿ ತೆಗೀತಾರಂತೆ, ಗಾಯವೇ ಇಲ್ಲವಂತೆ’ ಎಂದು ಹಗುರವಾಗಿ ಒಪ್ಪಿಕೊಳ್ಳುವವರಿದ್ದಾರೆ. ಗಾಯವೇ ಬೇಡವೆಂದರೆ ಯೋನಿಯ ಮೂಲಕ ತೆಗೆಯುವ ಹಳೆಯ ಕ್ರಮವೇ ಇದೆ. ಹೊಟ್ಟೆಯ ಮೇಲೆ ಒಂದು ರಂಧ್ರವೂ ಇಲ್ಲ, ದುಬಾರಿ ಯಂತ್ರವೂ ಇಲ್ಲ. ಮಾಡಬರುವಲ್ಲಿ ಅದೇ ಮೊದಲ ಆಯ್ಕೆಯಾಗಬೇಕು ಎಂದು ನಮ್ಮ ಅಭಿಪ್ರಾಯ. ಅದನ್ನು ಕಲಿಸುವವರು ಕಡಿಮೆಯಾಗುತ್ತಿದ್ದಾರೆ.

ಕೇಳಿದ ಪ್ರಶ್ನೆಗಳು

‘ಕೋಶ ತೆಗೆಯುವಾಗ ಅಂಡಾಶಯಗಳನ್ನೂ ತೆಗೆಸಿಬಿಡುವುದು ಒಳ್ಳೆಯದಲ್ಲವೇ, ಮುಂದೆ ತೊಂದರೆ ಬೇಡವೆಂದು?’ ಮುಟ್ಟು ನಿಲ್ಲದ ಹೆಂಗಸರಲ್ಲಿ ಹಾಗೆ ಮಾಡಿದರೆ ಮಾರನೆಯ ದಿನದಿಂದಲೇ ಮುಟ್ಟು ನಿಂತ ಸ್ಥಿತಿ ಶುರು: ಮೈ ಬೆವರುವುದು, ಮೂಳೆ ಸವೆತ, ಹೃದಯದ ಅಪಾಯ. ಮನೆತನದಲ್ಲಿ ಅಂಡಾಶಯದ ಕ್ಯಾನ್ಸರ್‌ನಂಥ ಸ್ಪಷ್ಟ ಕಾರಣವಿಲ್ಲದೆ ತೆಗೆಸಬೇಡಿ.

‘ನೀರು ಹಾಯಿಸಿದರೆ ಕ್ಯಾನ್ಸರ್ ಹರಡುತ್ತದಂತೆ?’ ಕೆಲವು ಜೀವಕೋಶಗಳು ಟ್ಯೂಬಿನಿಂದ ಹೊಟ್ಟೆಗೆ ಸೋರಬಹುದು. ಅದರಿಂದ ಆಯಸ್ಸು ಕಡಿಮೆಯಾದದ್ದು ಕಂಡುಬಂದಿಲ್ಲ. ಒತ್ತಡ ಕಡಿಮೆ ಇಟ್ಟು ಬೇಗ ಮುಗಿಸುವುದು ಸಾಕು.

‘ನೋಡುವುದಕ್ಕೆಂದು ಸಹಿ ಹಾಕಿದರೆ ಒಳಗೆ ಕಂಡದ್ದನ್ನೆಲ್ಲ ತೆಗೆಯಬಹುದೇ?’ ಇಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ ಎಂದು ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ಲ್ಯಾಪರೊಸ್ಕೋಪಿಗೆಂದು ಅರಿವಳಿಕೆ ಪಡೆದು ಮಲಗಿದ್ದ ಹೆಂಗಸಿನ ಗರ್ಭಕೋಶ, ಅಂಡಾಶಯಗಳನ್ನು ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಜೀವಕ್ಕೆ ಆ ಕ್ಷಣದ ಅಪಾಯವಿಲ್ಲದಿದ್ದರೆ ಎಚ್ಚರವಾಗುವವರೆಗೆ ಕಾದು ಅವರನ್ನೇ ಕೇಳಬೇಕು. ಒಪ್ಪಿಗೆ ಪತ್ರದಲ್ಲಿ ‘ಪಾಲಿಪ್ ಕಂಡರೆ ತೆಗೆಯಬಹುದು, ಗರ್ಭಕೋಶ ತೆಗೆಯುವುದಕ್ಕೆ ಒಪ್ಪಿಗೆ ಇಲ್ಲ’ ಎಂದು ಕನ್ನಡದಲ್ಲೇ ಬರೆಸಿ ಸಹಿ ಹಾಕಿ.

‘ಮನೆಗೆ ಹೋದ ಮೇಲೆ ಯಾವುದಕ್ಕೆ ಹೆದರಬೇಕು?’ ಹಿಸ್ಟರೊಸ್ಕೋಪಿ ಆದವರಿಗೆ ಕೆಲವು ದಿನ ತಿಳಿ ರಕ್ತ, ಸಣ್ಣ ಸೆಳೆತ ಇರುತ್ತದೆ. ಜ್ವರ 100.4 ಡಿಗ್ರಿ ದಾಟಿದರೆ, ವಾಸನೆಯ ಸ್ರಾವ ಬಂದರೆ, ಗಂಟೆಗೊಂದು ಪ್ಯಾಡ್ ತೋಯ್ದರೆ, ಹೊಟ್ಟೆನೋವು ದಿನ ಕಳೆದಂತೆ ಕಡಿಮೆಯಾಗುವ ಬದಲು ಹೆಚ್ಚಿ ಹೊಟ್ಟೆ ಉಬ್ಬರಿಸಿದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ರಾತ್ರಿಯಾದರೂ ಸರಿ, ಆಪರೇಷನ್ ಚೀಟಿ ಜೊತೆಗಿರಲಿ.